ಓಎಸ್ ಹಾಕುವ ಪೆನ್‌ಡ್ರೈವ್: ರುಫಸ್, ವೆಂಟಾಯ್, ಎಚರ್... ಯಾವಾಗ ಯಾವುದು?

"ಸಿಸ್ಟಮ್ ತುಂಬಾ ಸ್ಲೋ ಆಗಿದೆ, ಒಂದ್ಸಲ ಫಾರ್ಮ್ಯಾಟ್ ಮಾಡಿಕೊಡ್ತೀಯಾ?" ನೆಂಟರಲ್ಲಿ ಯಾರಿಗಾದರೂ ಸ್ವಲ್ಪ ಕಂಪ್ಯೂಟರ್ ಗೊತ್ತು ಅಂದರೆ ಈ ಫೋನ್ ಬಂದೇ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಅಲ್ಲಿಂದೀಚೆಗೆ ನನಗಂತೂ ಇಂಥ ಫೋನ್‌ಗಳು ಜಾಸ್ತಿ. ಕೆಲವರಿಗೆ ವಿಂಡೋಸ್ 11 ಬೇಕು. ಕೆಲವರ ಲ್ಯಾಪ್‌ಟಾಪ್ ಅದಕ್ಕೆ ಒಗ್ಗುವುದಿಲ್ಲ, ಉಚಿತವಾಗಿ ಸಿಗುವ ಇನ್ನೊಂದು ಓಎಸ್ (ಆಪರೇಟಿಂಗ್ ಸಿಸ್ಟಮ್) ಆದ ಲಿನಕ್ಸ್ ಹಾಕೋಣ ಅನ್ನುತ್ತಾರೆ. ಎರಡಕ್ಕೂ ಬೇಕಾದದ್ದು ಒಂದು ಪೆನ್‌ಡ್ರೈವ್. ರುಫಸ್, ವೆಂಟಾಯ್, ಎಚರ್ ಇವೆಲ್ಲ ಅದನ್ನು ತಯಾರು ಮಾಡುವ ಟೂಲ್‌ಗಳು. ಯಾವಾಗ ಯಾವುದನ್ನು ಬಳಸಬೇಕು ಅನ್ನುವುದೇ ಇಲ್ಲಿಯ ವಿಷಯ.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಎರಡು ಪೆನ್‌ಡ್ರೈವ್ ಇರುತ್ತವೆ. 64 ಜಿಬಿಯದ್ದಕ್ಕೆ ಕೆಂಪು ದಾರ ಕಟ್ಟಿದ್ದೇನೆ, ಅದರಲ್ಲಿ ವೆಂಟಾಯ್ ಇದೆ. 16 ಜಿಬಿಯದ್ದು ಖಾಲಿ. ಅದಕ್ಕೆ ಆಯಾ ಸಲಕ್ಕೆ ಬೇಕಾದ ಓಎಸ್ ಅನ್ನು ರುಫಸ್‌ನಲ್ಲಿ ಬರೆಯುತ್ತೇನೆ. ನೋಡುವುದಕ್ಕೆ ದಾರದ್ದು, ಹಾಕುವುದಕ್ಕೆ ಖಾಲಿಯದ್ದು. ಯಾಕೆ ಹೀಗೆ ಅಂತ ಮುಂದೆ ಹೇಳುತ್ತೇನೆ.

ಅರ್ಜೆಂಟ್ ಇದ್ದವರಿಗೆ ಮಾತ್ರ ಈಗಲೇ ಹೇಳಿಬಿಡುತ್ತೇನೆ. ವಿಂಡೋಸ್ ಕಂಪ್ಯೂಟರ್ ಮುಂದೆ ಕೂತು ವಿಂಡೋಸ್ ಪೆನ್‌ಡ್ರೈವ್ ಮಾಡಬೇಕಾ, ರುಫಸ್ ಸಾಕು. ಲ್ಯಾಪ್‌ಟಾಪ್ ಹೊಸದು, ನೆಟ್ ಚೆನ್ನಾಗಿದೆ, ಆಯ್ಕೆಗಳ ತಲೆಬಿಸಿ ಬೇಡ ಅಂದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್. ನಾಲ್ಕೈದು ಲಿನಕ್ಸ್ ನೋಡಿ ಒಂದನ್ನು ಆರಿಸಬೇಕು ಅಂದರೆ ವೆಂಟಾಯ್. ಮ್ಯಾಕ್‌ನಲ್ಲಿ ಕೂತು ಲಿನಕ್ಸ್ ಪೆನ್‌ಡ್ರೈವ್ ಮಾಡಬೇಕಾದರೆ ಎಚರ್. ಲ್ಯಾಪ್‌ಟಾಪ್ ಕೈಕೊಟ್ಟಿದೆ, ಇರುವುದು ಒಂದು ಆಂಡ್ರಾಯ್ಡ್ ಫೋನ್ ಮಾತ್ರ ಅಂದರೆ ಎಚ್‌ಡ್ರಾಯ್ಡ್.

ಐಎಸ್‌ಒ ಫೈಲ್ ಸುಮ್ನೆ ಕಾಪಿ ಮಾಡಿದರೆ ಆಗಲ್ವಾ?

ಆಗುವುದಿಲ್ಲ. ಐಎಸ್‌ಒ ಅಂದರೆ ಒಂದು ಇಡೀ ಡಿಸ್ಕನ್ನು ಕಟ್ಟಿಟ್ಟ ಗಂಟು. ಗಂಟನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ಕಂಪ್ಯೂಟರ್‌ಗೆ ಅದೊಂದು ದೊಡ್ಡ ಫೈಲ್ ಅಷ್ಟೇ. ಗಂಟು ಬಿಚ್ಚಿ, ಬೂಟ್ ಫೈಲ್‌ಗಳನ್ನು (ಓಎಸ್ ಶುರುವಾಗಲು ಬೇಕಾದವು) ಕಂಪ್ಯೂಟರ್ ಹುಡುಕುವ ಜಾಗದಲ್ಲೇ ಇಡಬೇಕು.

ಇಲ್ಲೊಂದು ತೊಡಕಿದೆ. ಈಗಿನ ಯುಇಎಫ್‌ಐ (ಆನ್ ಆದ ಕೂಡಲೇ ಓಎಸ್ ಹುಡುಕಿ ಶುರುಮಾಡುವ ವ್ಯವಸ್ಥೆ) ಕಂಪ್ಯೂಟರ್‌ಗಳು ಖಂಡಿತ ಓದಬಲ್ಲ ಪೆನ್‌ಡ್ರೈವ್ ಅಂದರೆ ಫ್ಯಾಟ್32 ಫಾರ್ಮ್ಯಾಟ್‌ನದ್ದು. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ವಿಂಡೋಸ್ 11ರ ಐಎಸ್‌ಒ ಒಳಗಿನ ಇನ್‌ಸ್ಟಾಲ್ ಫೈಲ್ ಒಂದೇ ಅದನ್ನು ಮೀರುತ್ತದೆ. ಹೀಗಾಗಿ ಕೈಯಿಂದ ಕಾಪಿ ಮಾಡಲು ಹೋದವರು ಅರ್ಧದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಈ ತೊಡಕನ್ನು ಒಂದೊಂದು ಟೂಲ್ ಒಂದೊಂದು ರೀತಿ ಬಿಡಿಸುತ್ತದೆ. ಅವುಗಳ ನಡುವಿನ ವ್ಯತ್ಯಾಸ ಹೆಚ್ಚುಕಡಿಮೆ ಇಷ್ಟರಲ್ಲೇ ಇದೆ.

ರುಫಸ್

ಒಂದೆರಡು ಎಂಬಿಯ ಫೈಲ್. ಇನ್‌ಸ್ಟಾಲ್ ಮಾಡುವುದೂ ಬೇಡ, ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ ಅನ್ನುವುದೊಂದೇ ಕೊರತೆ. ವಿಂಡೋಸ್ ಐಎಸ್‌ಒ ಕೊಟ್ಟರೆ ಪೆನ್‌ಡ್ರೈವನ್ನು, 4 ಜಿಬಿಯ ಮಿತಿ ಇಲ್ಲದ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡುತ್ತದೆ. ಕೊನೆಯಲ್ಲಿ ಒಂದು ಪುಟಾಣಿ ಪಾರ್ಟಿಷನ್ ಇಟ್ಟು, ಎನ್‌ಟಿಎಫ್‌ಎಸ್ ಓದುವ ದಾರಿಯನ್ನು ಕಂಪ್ಯೂಟರ್‌ಗೆ ತೋರಿಸಿಕೊಡುತ್ತದೆ. 4 ಜಿಬಿಯ ತಕರಾರು ಅಲ್ಲಿಗೆ ಮುಗಿಯಿತು.

ರುಫಸ್ ತೆರೆದಾಗ ಎಲ್ಲರೂ ನಿಂತುಬಿಡುವ ಜಾಗ ಒಂದಿದೆ. ಪಾರ್ಟಿಷನ್ ಸ್ಕೀಮ್ (ಡಿಸ್ಕನ್ನು ಭಾಗ ಮಾಡುವ ರೀತಿ) ಅಂತ ಕೇಳುತ್ತದೆ, ಜಿಪಿಟಿಯೋ ಎಂಬಿಆರ್ ಓ ಅಂತ. ಪೆನ್‌ಡ್ರೈವ್ ಮಾಡುತ್ತಿರುವ ಕಂಪ್ಯೂಟರ್ ಬಗ್ಗೆ ಅದು ಕೇಳುತ್ತಿಲ್ಲ, ಓಎಸ್ ಹಾಕಿಸಿಕೊಳ್ಳುವ ಕಂಪ್ಯೂಟರ್ ಬಗ್ಗೆ ಕೇಳುತ್ತಿದೆ. ಅದು ವಿಂಡೋಸ್ 8 ಅಥವಾ ಆಮೇಲಿನ ಓಎಸ್ ಜೊತೆಗೇ ಬಂದಿದ್ದ ಲ್ಯಾಪ್‌ಟಾಪ್ ಆದರೆ ಜಿಪಿಟಿ. ವಿಂಡೋಸ್ 7ರ ಕಾಲದ ಹಳೆಯ ಡೆಸ್ಕ್‌ಟಾಪ್ ಆದರೆ ಎಂಬಿಆರ್. ನಾನು ಮೊದಮೊದಲು ಇದನ್ನು ತಿರುಗಾಮುರುಗಾ ಮಾಡಿ, ಪೆನ್‌ಡ್ರೈವ್ ಕೆಟ್ಟಿದೆ ಅಂತ ಇನ್ನೊಂದು ಕೊಂಡು ತಂದಿದ್ದೆ. ಪೆನ್‌ಡ್ರೈವ್ ಚೆನ್ನಾಗಿಯೇ ಇತ್ತು.

ಸ್ಟಾರ್ಟ್ ಒತ್ತಿದ ಮೇಲೆ ವಿಂಡೋಸ್ 11 ಆದರೆ ಇನ್ನೊಂದು ಸಣ್ಣ ಕಿಟಕಿ ಬರುತ್ತದೆ. ರುಫಸ್ ನನಗೆ ಇಷ್ಟವಾಗುವುದೇ ಇದಕ್ಕೆ. 4 ಜಿಬಿ ರ್‍ಯಾಮ್, ಸೆಕ್ಯೂರ್ ಬೂಟ್ (ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಬೂಟ್ ಆಗಲು ಬಿಡುವ ಕಾವಲು), ಟಿಪಿಎಂ 2.0 (ಭದ್ರತೆಯ ಚಿಪ್) ಇರಲೇಬೇಕು ಅನ್ನುವ ಷರತ್ತು ತೆಗೆಯಬೇಕಾ? ಮೈಕ್ರೋಸಾಫ್ಟ್ ಅಕೌಂಟ್ ಕಡ್ಡಾಯ ಅನ್ನುವುದನ್ನು ತೆಗೆಯಬೇಕಾ? ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ತಾನಾಗಿ ಆನ್ ಆಗುವುದನ್ನು ತಡೆಯಬೇಕಾ? ಒಂದೊಂದಕ್ಕೂ ಒಂದು ಟಿಕ್. ಇಮೇಲ್ ಪಾಸ್‌ವರ್ಡ್ ನೆನಪಿಲ್ಲದ ಹಿರಿಯರಿಗೆ ಲೋಕಲ್ ಅಕೌಂಟ್ ದೊಡ್ಡ ಅನುಕೂಲ.

ಟಿಪಿಎಂ ಷರತ್ತು ತೆಗೆಯುವ ಟಿಕ್ ಹಾಕುವ ಮುಂಚೆ ಮಾತ್ರ ಸ್ವಲ್ಪ ಯೋಚಿಸಿ. ಇಂಟೆಲ್ ಆದರೆ 8ನೇ ಜನರೇಷನ್‌ನಿಂದ ಈಚಿನದ್ದನ್ನೇ ವಿಂಡೋಸ್ 11 ಬೆಂಬಲಿಸುವುದು. ಅದಕ್ಕಿಂತ ಹಳೆಯದಕ್ಕೆ ಹೀಗೆ ದಾಟಿಸಿ ಹಾಕಿದರೆ ಓಡುತ್ತದೆ. ಆದರೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ವರ್ಷದ ದೊಡ್ಡ ಅಪ್‌ಡೇಟ್ ಬಂದಾಗ ಮತ್ತೆ ನೀವೇ ಪೆನ್‌ಡ್ರೈವ್ ಹಿಡಿದು ಹೋಗಬೇಕಾಗುತ್ತದೆ. ಕೋರ್ 2 ಡ್ಯುಯೋದಂಥ ತೀರಾ ಹಳೆಯ ಪ್ರೊಸೆಸರ್‌ಗಳಲ್ಲಿ 24ಎಚ್2 ಆವೃತ್ತಿಯಿಂದ ಮುಂದಕ್ಕೆ ವಿಂಡೋಸ್ 11 ಬೂಟೇ ಆಗುವುದಿಲ್ಲ, ಯಾವ ಟಿಕ್ ಹಾಕಿದರೂ ಅಷ್ಟೇ. ಅಂಥ ಕಂಪ್ಯೂಟರ್‌ಗೆ ನಾನು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕುತ್ತೇನೆ.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಸ್ಲೋ ಅನ್ನುವುದಕ್ಕೇ ಓಎಸ್ ಬದಲಿಸಲು ಹೊರಟಿದ್ದರೆ, ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇದೆಯಾ ನೋಡಿ. ಇದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಯಾವ ಓಎಸ್ ಕೊಡುವುದಕ್ಕಿಂತಲೂ ಅದು ಕೊಡುವ ವೇಗ ಜಾಸ್ತಿ.

ರುಫಸ್‌ನಲ್ಲಿ ಪೆನ್‌ಡ್ರೈವನ್ನೇ ಪರೀಕ್ಷಿಸುವ ಆಯ್ಕೆಯೂ ಇದೆ, ಬ್ಯಾಡ್ ಬ್ಲಾಕ್ಸ್ ಚೆಕ್ ಅಂತ. ಪೇಟೆಯ ಅಂಗಡಿಯೊಂದರಲ್ಲಿ ಕಡಿಮೆ ಬೆಲೆಗೆ ಸಿಕ್ಕಿತು ಅಂತ 128 ಜಿಬಿಯ ಪೆನ್‌ಡ್ರೈವ್ ತಂದಿದ್ದೆ. ಕಂಪ್ಯೂಟರ್ 128 ಅಂತಲೇ ತೋರಿಸುತ್ತಿತ್ತು. ಇನ್‌ಸ್ಟಾಲ್ ಮಾತ್ರ ಪ್ರತಿಸಲ ಒಂದೊಂದು ಕಡೆ ನಿಲ್ಲುತ್ತಿತ್ತು. ಈ ಪರೀಕ್ಷೆ ಹಾಕಿದ ಮೇಲೆ ಗೊತ್ತಾಯಿತು, ಅದು ನಕಲಿ. ನಿಜವಾದ ಜಾಗ ಎಷ್ಟೋ ಕಡಿಮೆ ಇತ್ತು, ಅಷ್ಟು ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಹೊಸ ಪೆನ್‌ಡ್ರೈವ್ ತಂದರೆ ಈಗ ಮೊದಲ ಕೆಲಸ ಈ ಪರೀಕ್ಷೆ. ಗಂಟೆಗಟ್ಟಲೆ ಹಿಡಿಯಬಹುದು, ಊಟಕ್ಕೆ ಹೋಗುವಾಗ ಹಾಕಿಡಿ.

ಮೀಡಿಯಾ ಕ್ರಿಯೇಷನ್ ಟೂಲ್

ಮೈಕ್ರೋಸಾಫ್ಟ್‌ನದ್ದೇ. 8 ಜಿಬಿ ಪೆನ್‌ಡ್ರೈವ್ ಸಾಕು. ಐಎಸ್‌ಒ ಹುಡುಕುವುದು ಬೇಡ, ತಾನೇ ಇಳಿಸಿ ತಾನೇ ಬರೆಯುತ್ತದೆ. ತಪ್ಪು ಮಾಡಲು ಜಾಗವೇ ಇಲ್ಲ. ಆದರೆ ರುಫಸ್ ಕೊಡುವ ಯಾವ ಟಿಕ್ ಕೂಡ ಇಲ್ಲಿಲ್ಲ. ಜೊತೆಗೆ ಪೆನ್‌ಡ್ರೈವ್ ಮಾಡಿದಾಗಲೆಲ್ಲ ಹಲವು ಜಿಬಿ ಇಳಿಸುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್‌ನಲ್ಲಿ ಇದಕ್ಕೆ ಕೈ ಹಾಕಬೇಡಿ. ಇದೇ ಟೂಲ್‌ನಲ್ಲಿ ಐಎಸ್‌ಒ ಆಗಿ ಉಳಿಸಿಕೊಳ್ಳುವ ಆಯ್ಕೆಯೂ ಇದೆ. ಫೈಬರ್ ಇರುವ ಮನೆಯಲ್ಲಿ ಒಂದು ಸಲ ಹಾಗೆ ಇಳಿಸಿಟ್ಟುಕೊಂಡರೆ ಆಮೇಲೆ ರುಫಸ್‌ಗೂ ಆಯಿತು, ವೆಂಟಾಯ್‌ಗೂ ಆಯಿತು.

ವೆಂಟಾಯ್

ಇದರ ರೀತಿಯೇ ಬೇರೆ. ಪೆನ್‌ಡ್ರೈವ್‌ಗೆ ಒಂದು ಸಲ ವೆಂಟಾಯ್ ಹಾಕುತ್ತೀರಿ. ಆಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಜೋಪಾನ. ಆಮೇಲೆ ಐಎಸ್‌ಒಗಳನ್ನು ಸಿನಿಮಾ ಫೈಲ್ ಕಾಪಿ ಮಾಡಿದ ಹಾಗೆ ಕಾಪಿ ಮಾಡುತ್ತಾ ಹೋಗುವುದು. ಗಂಟು ಬಿಚ್ಚುವ ಕೆಲಸ ಬೂಟ್ ಆಗುವ ಹೊತ್ತಿಗೆ ವೆಂಟಾಯ್ ಮಾಡಿಕೊಳ್ಳುತ್ತದೆ. ಒಂದು ಪಟ್ಟಿ ಬರುತ್ತದೆ, ಬಾಣದ ಕೀಲಿಯಲ್ಲಿ ಆರಿಸಿ ಎಂಟರ್ ಒತ್ತುವುದು. ನನ್ನ ಕೆಂಪು ದಾರದ್ದರಲ್ಲಿ ಈಗ ವಿಂಡೋಸ್ 11, ಉಬುಂಟು 24.04, ಮಿಂಟ್ ಸಿನಮನ್, ಮಿಂಟ್ ಎಕ್ಸ್‌ಎಫ್‌ಸಿಇ ಇವೆ. ಇಷ್ಟಾಗಿಯೂ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ. ಅಲ್ಲಿ ಡ್ರೈವರ್‌ಗಳನ್ನು ಇಟ್ಟಿದ್ದೇನೆ.

ಲಿನಕ್ಸ್ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಉಬುಂಟು, ಮಿಂಟ್ ಎರಡನ್ನೂ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಲ್ಯಾಪ್‌ಟಾಪ್ ಯಾರದೋ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ವೈಫೈ ಸಿಗುತ್ತದಾ, ಧ್ವನಿ ಬರುತ್ತದಾ, ಕ್ಯಾಮೆರಾ, ಟಚ್‌ಪ್ಯಾಡ್ ಸರಿಯಿದೆಯಾ, ನಿದ್ದೆಗೆ ಹಾಕಿದರೆ ಮತ್ತೆ ಏಳುತ್ತದಾ, ಎಲ್ಲ ಅವರ ಕೈಯಲ್ಲೇ ನೋಡಿಸಿ. ವೈಫೈ ಸಿಗದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಯಾವ ಡ್ರೈವರೂ ಇಲ್ಲದೆ ನೆಟ್ ಬರುತ್ತದೆ. ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲ ನಿಧಾನ ಇರುತ್ತದೆ, ಅದನ್ನು ನೋಡಿ ಲಿನಕ್ಸ್ ಸ್ಲೋ ಅಂದುಕೊಳ್ಳಬೇಡಿ. ಯುಎಸ್‌ಬಿ 3 ಪೆನ್‌ಡ್ರೈವ್ ಆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಇಷ್ಟೆಲ್ಲ ಚೆನ್ನಾಗಿದ್ದ ಮೇಲೆ ಹಾಕುವುದಕ್ಕೂ ಇದನ್ನೇ ಯಾಕೆ ಬಳಸಬಾರದು? ನನಗೆ ಎರಡು ಕಾರಣ ಇವೆ.

ಒಂದು, ಸೆಕ್ಯೂರ್ ಬೂಟ್. ಅದು ಆನ್ ಇರುವ ಕಂಪ್ಯೂಟರ್‌ಗೆ ವೆಂಟಾಯ್ ಪೆನ್‌ಡ್ರೈವ್ ಸಿಕ್ಕಿಸಿದರೆ ಮೊದಲ ಸಲ ವೆರಿಫಿಕೇಷನ್ ಫೇಲ್ ಆಯಿತು ಅಂತ ಬರುತ್ತದೆ. ಹೆದರಬೇಕಾಗಿಲ್ಲ. ಮುಂದಿನ ನೀಲಿ ಪರದೆಯಲ್ಲಿ ಎನ್ರೋಲ್ ಕೀ ಫ್ರಮ್ ಡಿಸ್ಕ್ ಆರಿಸಿ, ವೆಂಟಾಯ್‌ನ ಸಣ್ಣ ಪಾರ್ಟಿಷನ್ ಒಳಗಿರುವ ಕೀ ಫೈಲ್ ತೋರಿಸಿ, ಎಸ್ ಅಂದು ರೀಬೂಟ್ ಮಾಡಿದರೆ ಆಯಿತು. ಆದರೆ ಏನು ಮಾಡಿದಿರಿ ನೋಡಿ. ಆ ಕಂಪ್ಯೂಟರ್ ಇನ್ನು ಮುಂದೆ ನಂಬಬೇಕಾದ ಇನ್ನೊಂದು ಕೀಲಿಯನ್ನು ಅದರೊಳಗೆ ಸೇರಿಸಿದಿರಿ. ನಿಮ್ಮ ಸ್ವಂತದ್ದಾದರೆ ನಿಮ್ಮಿಷ್ಟ. ಬೇರೆಯವರ ಮನೆಯ ಕಂಪ್ಯೂಟರ್‌ನಲ್ಲಿ ಅವರಿಗೆ ಗೊತ್ತಾಗದ ಹಾಗೆ ಕೀಲಿ ಬಿಟ್ಟು ಬರುವುದು ನನಗೆ ಸರಿ ಅನ್ನಿಸುವುದಿಲ್ಲ. ಹಾಗಾಗಿ ನಾನು ನೋಡುವಷ್ಟು ಹೊತ್ತು ಸೆಕ್ಯೂರ್ ಬೂಟ್ ಆಫ್ ಮಾಡಿ, ಮುಗಿದ ಮೇಲೆ ಆನ್ ಮಾಡುತ್ತೇನೆ. ಹಾಕುವುದನ್ನು ರುಫಸ್‌ನಲ್ಲಿ ಬರೆದದ್ದರಿಂದ ಹಾಕುತ್ತೇನೆ, ಅದಕ್ಕೆ ಸೆಕ್ಯೂರ್ ಬೂಟ್ ಮುಟ್ಟುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಎರಡು, ವೆಂಟಾಯ್ ಓಪನ್ ಸೋರ್ಸ್ ಹೌದು. ಆದರೆ ಅದರ ಸೋರ್ಸ್ ಜೊತೆಗೆ ಒಳಗೇನಿದೆ ಅಂತ ಓದಿ ನೋಡಲಾಗದ, ಮೊದಲೇ ಕಂಪೈಲ್ ಮಾಡಿಟ್ಟ ಫೈಲ್‌ಗಳೂ ಇವೆ ಅಂತ ಬಳಕೆದಾರರು ಆಕ್ಷೇಪ ಎತ್ತಿದ್ದರು. ಅದರಲ್ಲಿ ಕೆಟ್ಟದ್ದೇನೋ ಇದೆ ಅಂತ ನಾನು ಹೇಳುತ್ತಿಲ್ಲ, ನಾನೇ ದಿನಾ ಬಳಸುತ್ತೇನೆ. ಆದರೂ ಆಫೀಸಿನ ಲೆಕ್ಕಪತ್ರ, ಬ್ಯಾಂಕ್ ವ್ಯವಹಾರ ನಡೆಯುವ ಕಂಪ್ಯೂಟರ್‌ಗೆ ಓಎಸ್ ಹಾಕುವಾಗ ದಾರಿ ಆದಷ್ಟು ನೇರವಾಗಿರಲಿ ಅನ್ನುವುದು ನನ್ನ ಅಭಿಪ್ರಾಯ.

ವೆಂಟಾಯ್‌ಗೆ ಐಎಸ್‌ಒ ಕಾಪಿ ಆದ ಕೂಡಲೇ ಪೆನ್‌ಡ್ರೈವ್ ಕೀಳಬೇಡಿ. ಪರದೆಯಲ್ಲಿ ಮುಗಿಯಿತು ಅಂತ ಬಂದರೂ ಹಿಂದೆ ಬರೆಯುವುದು ನಡೆಯುತ್ತಿರಬಹುದು, ಲಿನಕ್ಸ್‌ನಲ್ಲಂತೂ ಹೌದು. ಇಜೆಕ್ಟ್ ಕೊಟ್ಟು, ತೆಗೆಯಬಹುದು ಅಂತ ಬಂದ ಮೇಲೆ ತೆಗೆಯಿರಿ. ಅರ್ಧ ಬರೆದ ಐಎಸ್‌ಒ ಪಟ್ಟಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಇನ್‌ಸ್ಟಾಲ್ ಮಧ್ಯದಲ್ಲಿ ಕೈಕೊಡುತ್ತದೆ.

ಎಚರ್, ಡಿಡಿ, ಫೋನ್

ಬಲೀನಾ ಎಚರ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಇರುವುದು ಮೂರೇ ಗುಂಡಿ: ಫೈಲ್ ಆರಿಸು, ಪೆನ್‌ಡ್ರೈವ್ ಆರಿಸು, ಬರೆ. ಬರೆದ ಮೇಲೆ ತಾನೇ ಓದಿ ತಾಳೆ ನೋಡುತ್ತದೆ, ಅದು ಒಳ್ಳೆಯದು. ಆದರೆ ಇದು ಐಎಸ್‌ಒವನ್ನು ಇದ್ದದ್ದು ಇದ್ದ ಹಾಗೆ ಬರೆಯುವುದರಿಂದ ಲಿನಕ್ಸ್‌ಗೆ ಮಾತ್ರ ಸರಿ. ವಿಂಡೋಸ್ ಐಎಸ್‌ಒ ಕೊಟ್ಟರೆ ಬೂಟ್ ಆಗುವುದಿಲ್ಲ.

ಎಚರ್‌ನಲ್ಲಿ ಬರೆದ ಪೆನ್‌ಡ್ರೈವನ್ನು ಆಮೇಲೆ ವಿಂಡೋಸ್‌ಗೆ ಸಿಕ್ಕಿಸಿದರೆ, ಫಾರ್ಮ್ಯಾಟ್ ಮಾಡಬೇಕು ಅಂತ ಕೇಳುತ್ತದೆ. ಇಲ್ಲವೇ 32 ಜಿಬಿಯದ್ದು ನಾಲ್ಕೈದು ಎಂಬಿ ಅಂತ ತೋರಿಸುತ್ತದೆ. ಪೆನ್‌ಡ್ರೈವ್ ಸುಟ್ಟುಹೋಯಿತು ಅಂತ ಎಸೆದವರನ್ನು ನೋಡಿದ್ದೇನೆ. ಏನೂ ಆಗಿರುವುದಿಲ್ಲ. ರುಫಸ್‌ನಲ್ಲಿ ನಾನ್ ಬೂಟಬಲ್ ಅಂತ ಆರಿಸಿ ಸ್ಟಾರ್ಟ್ ಕೊಟ್ಟರೆ ಮೊದಲಿನ ಹಾಗೆ ಆಗುತ್ತದೆ.

ಲಿನಕ್ಸ್‌ನಲ್ಲೇ ಕೂತಿದ್ದರೆ ಎಚರ್ ಕೂಡ ಬೇಡ. ಮಿಂಟ್‌ನ ಮೆನುವಿನಲ್ಲಿ ಯುಎಸ್‌ಬಿ ಇಮೇಜ್ ರೈಟರ್ ಇದ್ದೇ ಇದೆ. ಡಿಡಿ ಕಮಾಂಡ್ ಗೊತ್ತಿರುವವರು ಅದನ್ನೇ ಬಳಸುತ್ತಾರೆ. ಡಿಸ್ಕ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಪೆನ್‌ಡ್ರೈವ್ ಬದಲು ಹಾರ್ಡ್ ಡಿಸ್ಕ್ ಮೇಲೆ ಬರೆದುಬಿಡುತ್ತದೆ, ಒಂದು ಮಾತೂ ಕೇಳುವುದಿಲ್ಲ. ನಾನಂತೂ ಹೊಸಬರಿಗೆ ಅದನ್ನು ಹೇಳಿಕೊಡುವುದಿಲ್ಲ. ಲಿನಕ್ಸ್‌ನಲ್ಲಿ ಕೂತು ವಿಂಡೋಸ್ ಪೆನ್‌ಡ್ರೈವ್ ಮಾಡಬೇಕಾದರೆ ವೆಂಟಾಯ್ ಸುಲಭ.

ಇನ್ನು ಎಚ್‌ಡ್ರಾಯ್ಡ್. ಫೋನ್‌ನಲ್ಲೇ ಲಿನಕ್ಸ್ ಐಎಸ್‌ಒ ಇಳಿಸಿ, ಓಟಿಜಿ ಕೇಬಲ್‌ನಲ್ಲಿ ಪೆನ್‌ಡ್ರೈವ್ ಸಿಕ್ಕಿಸಿ ಬರೆಯುವುದು. ರೂಟ್ ಮಾಡುವುದು ಬೇಡ. ಇದರಲ್ಲೂ ವಿಂಡೋಸ್ ಐಎಸ್‌ಒ ಆಗುವುದಿಲ್ಲ. ಬೂಟ್ ಆಗದ ಲ್ಯಾಪ್‌ಟಾಪ್‌ನಿಂದ ಫೋಟೋ, ಫೈಲ್ ತೆಗೆಯಬೇಕಾದಾಗ ಈ ದಾರಿ ತುಂಬಾ ಉಪಯೋಗ.

ಪೆನ್‌ಡ್ರೈವ್ ಸರಿ, ಡಿಸ್ಕೇ ಕಾಣುತ್ತಿಲ್ಲ!

ಯಾವುದರಿಂದ ಬೂಟ್ ಆಗಬೇಕು ಅಂತ ಆರಿಸುವ ಬೂಟ್ ಮೆನುವಿಗೆ ಹೋಗುವ ಕೀಲಿ ಕಂಪನಿಗೊಂದು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12. ಎಚ್‌ಪಿಯಲ್ಲಿ ಎಫ್9. ಏಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಮೊದಲು ಎಫ್2 ಒತ್ತಿ ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ಸ್) ಆ ಮೆನುವನ್ನು ಆನ್ ಮಾಡಬೇಕು.

ಅಕ್ಕನ ಮಗಳ ಲ್ಯಾಪ್‌ಟಾಪ್ 11ನೇ ಜನರೇಷನ್ ಇಂಟೆಲ್‌ನದ್ದು. ಪೆನ್‌ಡ್ರೈವ್ ಬೂಟ್ ಆಯಿತು, ವಿಂಡೋಸ್ ಸೆಟಪ್ ತೆರೆಯಿತು. ಎಲ್ಲಿಗೆ ಹಾಕಬೇಕು ಅಂತ ಕೇಳುವ ಪುಟಕ್ಕೆ ಬಂದರೆ ಪಟ್ಟಿ ಖಾಲಿ, ಒಂದು ಡಿಸ್ಕೂ ಇಲ್ಲ. ಅವಳ ಮುಖ ಸಪ್ಪಗಾಯಿತು. "ಮಾಮ, ಎಸ್‌ಎಸ್‌ಡಿ ಹೋಯ್ತಾ?" ಅಂತ ಕೇಳಿದಳು. ಹೋಗಿರಲಿಲ್ಲ. ಇಂಟೆಲ್‌ನ ವಿಎಂಡಿ ಅನ್ನುವ ವ್ಯವಸ್ಥೆಯ ಹಿಂದೆ ಡಿಸ್ಕ್ ಇತ್ತು, ಅದರ ಡ್ರೈವರ್ ಸೆಟಪ್‌ನಲ್ಲಿ ಇರಲಿಲ್ಲ ಅಷ್ಟೇ. ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬಿಚ್ಚಿ ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ನಲ್ಲಿ ಇಟ್ಟಿದ್ದೆ. ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸಿದೆ. 512 ಜಿಬಿಯ ಸಾಲು ಪಟ್ಟಿಯಲ್ಲಿ ಬಂತು.

ಇದಕ್ಕೇ ಪೆನ್‌ಡ್ರೈವ್ ಮಾಡಿದ ದಿನವೇ ನಿಮ್ಮ ಮಾಡೆಲ್‌ನ ಈ ಡ್ರೈವರ್ ಮತ್ತು ವೈಫೈ ಡ್ರೈವರ್ ಎರಡನ್ನೂ ಅದರೊಳಗೆ ಹಾಕಿಡಿ. ರುಫಸ್, ವೆಂಟಾಯ್ ಎರಡರಲ್ಲೂ ಹೀಗೆ ಹಾಕಲು ಬರುತ್ತದೆ. ಎಚರ್‌ನಲ್ಲಿ ಬರೆದದ್ದರಲ್ಲಿ ಬರುವುದಿಲ್ಲ. ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವ ದಾರಿಯೂ ಇದೆ. ಆದರೆ ಹಳೆಯ ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಸುಮ್ನೆ ಆಫ್ ಮಾಡಬೇಡಿ, ಆ ವಿಂಡೋಸ್ ಬೂಟ್ ಆಗದೆ ಹೋಗಬಹುದು.

ಅಳಿಸುವ ಮುಂಚೆ

ವಿಂಡೋಸ್ ಜೊತೆಗೇ ಬಂದ ಈಚಿನ ಲ್ಯಾಪ್‌ಟಾಪ್ ಆದರೆ ಲೈಸೆನ್ಸ್ ಚಿಂತೆ ಬೇಡ. ಕೀಲಿ ಬೋರ್ಡ್‌ನಲ್ಲೇ ಇರುತ್ತದೆ. ಹೋಮ್ ಇದ್ದದ್ದಕ್ಕೆ ಹೋಮ್ ಹಾಕಿ, ನೆಟ್ ಕೊಟ್ಟರೆ ತಾನೇ ಆಕ್ಟಿವೇಟ್ ಆಗುತ್ತದೆ. ಬಯಾಸ್ ಮುಟ್ಟುವ ಮುಂಚೆ ಬಿಟ್‌ಲಾಕರ್ ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಒಳಗಿನ ಫೈಲ್‌ಗಳು ಸಿಗುವುದಿಲ್ಲ.

ಬ್ಯಾಕಪ್ ಅಂದರೆ ಡಿ ಡ್ರೈವ್ ಇದೆಯಲ್ಲ ಅನ್ನುತ್ತಾರೆ. ಡೆಸ್ಕ್‌ಟಾಪ್ ಮತ್ತು ಡೌನ್‌ಲೋಡ್ಸ್ ಸಿ ಡ್ರೈವ್‌ನಲ್ಲಿರುತ್ತವೆ ಅನ್ನುವುದು ನೆನಪಿಗೇ ಬರುವುದಿಲ್ಲ. ನಮ್ಮ ಕಡೆ ಇನ್ನೊಂದನ್ನೂ ಮರೆಯುತ್ತಾರೆ, ನುಡಿ ಫಾಂಟ್.

ನಮ್ಮ ಚಿಕ್ಕಮ್ಮ ಟೀಚರ್ ಆಗಿದ್ದವರು. ಹಳೆಯ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿಕೊಟ್ಟೆ. ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಲು ಬಳಸುವ ಐಬಸ್‌ನಲ್ಲಿ ಕನ್ನಡದ ಕೆಜಿಪಿ ವಿನ್ಯಾಸ ಸೇರಿಸಿದೆ. ಅದು ನುಡಿಯದೇ ಕೀಲಿಮಣೆ, ಬೆರಳು ಹುಡುಕಬೇಕಾಗಲಿಲ್ಲ, ಸರಸರ ಟೈಪ್ ಮಾಡಿದರು. ಆಮೇಲೆ ಹತ್ತು ವರ್ಷದ ಹಿಂದಿನ ಒಂದು ಪ್ರಶ್ನೆಪತ್ರಿಕೆ ತೆರೆದರು. ಪುಟದ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೆರೆ, ಚುಕ್ಕೆ. ಒಂದು ಪದವೂ ಕನ್ನಡವಲ್ಲ. ಫೈಲ್ ಕೆಟ್ಟಿರಲಿಲ್ಲ. ಹಳೆಯ ನುಡಿ ಫೈಲ್‌ಗಳು ಯುನಿಕೋಡ್ ಅಲ್ಲ, ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಸಿ ಡ್ರೈವ್ ಅಳಿಸುವ ಮುಂಚೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಹೆಸರಿನವುಗಳನ್ನೆಲ್ಲ ಕೆಂಪು ದಾರದ ಪೆನ್‌ಡ್ರೈವ್‌ಗೆ ತೆಗೆದಿಟ್ಟಿದ್ದೆ. ಅವನ್ನು ಇನ್‌ಸ್ಟಾಲ್ ಮಾಡಿ, ಲಿಬ್ರೆ ಆಫೀಸ್ ಮುಚ್ಚಿ ಮತ್ತೆ ತೆರೆದೆ. ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಮೊದಲ ಪ್ರಶ್ನೆ ಜೋರಾಗಿ ಓದಿದರು.